ಕೆಳಗೆ ಮಿಠಾಯಿ, ಮೇಲೆ ಹಲ್ಲಿನ ಡಾಕ್ಟರು

ಮಹಡಿಯ ಕೋಣೆಗಳನ್ನು ಬಾಡಿಗೆಗೆ ಕೊಡುವಾಗ ಅಪ್ಪ ಒಂದೇ ಒಂದು ಪ್ರಶ್ನೆ ಕೇಳುವುದನ್ನು ಮರೆತರು. ಡಾಕ್ಟರು ಅಂದರೆ ಯಾವ ಡಾಕ್ಟರು ಅಂತ.

ಆಗ ಎಂಬತ್ತರ ದಶಕ ಶುರುವಾಗಿತ್ತಷ್ಟೇ. ನಾನು ಆರನೇ ಕ್ಲಾಸು. ತರೀಕೆರೆಯ ಪೇಟೆಬೀದಿಯಲ್ಲಿ ನಮ್ಮದು ಮಿಠಾಯಿ ಅಂಗಡಿ. ಬೀದಿಗೆ ಮುಖವಾಗಿ ಗಾಜಿನ ಬೀರುಗಳು, ಹಿಂದೆ ದೊಡ್ಡ ಒಲೆ, ಅದರ ಹಿಂದೆ ನಮ್ಮ ಸಂಸಾರ. ಅಪ್ಪ, ಅಮ್ಮ, ಅಜ್ಜಿ, ನಾನು, ಅಷ್ಟೇ ಜನ. ಮಹಡಿಯ ಎರಡು ಕೋಣೆಯಲ್ಲಿದ್ದ ನೀರಾವರಿ ಇಲಾಖೆಯವರಿಗೆ ಲಕ್ಕವಳ್ಳಿಯಲ್ಲಿ ಕ್ವಾರ್ಟರ್ಸ್ ಸಿಕ್ಕಿ ಹೋದ ಮೇಲೆ ಅದು ಖಾಲಿ ಬಿದ್ದಿತ್ತು. ಒಂದು ದಿನ ಹಾಸನದ ಕಡೆಯ ಒಬ್ಬ ಹೆಣ್ಣುಮಗಳು ಬಂದರು. ಕನ್ನಡಕ, ಹತ್ತಿ ಸೀರೆ, ಕೈಯಲ್ಲಿ ಒಂದು ಚರ್ಮದ ಚೀಲ. "ನಾನು ಡಾಕ್ಟರು, ಸ್ವಂತ ಶಾಪು ಇಡ್ಬೇಕು ಅಂತಿದೀನಿ" ಅಂದರು. ಅಜ್ಜಿಗೆ ಆಗಾಗ ಎದೆ ಹಿಡಿದುಕೊಳ್ಳುತ್ತಿತ್ತು. ಮನೆಯಲ್ಲೇ ಡಾಕ್ಟರಿದ್ದರೆ ಎಷ್ಟು ಅನುಕೂಲ ಎಂದು ಅಮ್ಮ ಅವತ್ತೇ ಕೋಣೆ ಗುಡಿಸಿ ಕೊಟ್ಟರು.

ಮೂರನೇ ದಿನ ಒಂದು ದೊಡ್ಡ ಕುರ್ಚಿ ಬಂತು. ಹಿಂದಕ್ಕೆ ವಾಲುವ, ತಲೆಯಿಡಲು ಎರಡು ಮೆತ್ತನೆಯ ಬಿಲ್ಲೆ ಇರುವ ಕುರ್ಚಿ. ನಾಲ್ಕು ಜನ ಹೊತ್ತು ಮೆಟ್ಟಿಲು ಹತ್ತಿಸುವಾಗ ಅಪ್ಪ, "ಇದೇನು, ಹಜಾಮತಿ ಕುರ್ಚಿ ಇದ್ದಂಗೈತಲ್ಲ?" ಎಂದು ನಕ್ಕರು. ಐದನೇ ದಿನ ಬೋರ್ಡು ಬಂತು. ನಗು ನಿಂತಿತು. ನಮ್ಮ ಅಂಗಡಿಯ 'ಶುದ್ಧ ತುಪ್ಪದ ಸಿಹಿ ತಿಂಡಿಗಳು' ಎಂಬ ಬೋರ್ಡಿನ ಮೇಲೆ, ಒಂದು ಗೇಣೂ ಬಿಡದ ಹಾಗೆ, 'ದಂತ ವೈದ್ಯರು' ಎಂಬ ಬೋರ್ಡು. ಪಕ್ಕದಲ್ಲಿ ಬೇರು ಸಮೇತ ಒಂದು ದವಡೆ ಹಲ್ಲಿನ ಚಿತ್ರ.

ಊರಿಗೆ ಅಷ್ಟು ಸಾಕಾಯಿತು. "ಸಾವ್ಕಾರ್ರು ಭಾರಿ ಜಾಣ್ರು ಕಣ್ರೀ. ಕೆಳಗೆ ಹುಳುಕು ಹಿಡಿಸ್ತಾರೆ, ಮೇಲೆ ಕೀಳಿಸ್ತಾರೆ" ಎಂದು ಬಟ್ಟೆ ಅಂಗಡಿಯವರು ಶುರು ಮಾಡಿದ ಮಾತು ಸಂಜೆಯೊಳಗೆ ಬಸ್‌ಸ್ಟ್ಯಾಂಡ್ ತಲುಪಿತು. ಲಿಂಗದಹಳ್ಳಿಯಿಂದ ಬಂದವರೂ ಅಂಗಡಿ ಮುಂದೆ ನಿಂತು ಮೊದಲು ಮೇಲಿನ ಬೋರ್ಡು, ಆಮೇಲೆ ಕೆಳಗಿನ ಬೋರ್ಡು ಓದಿ ಹಲ್ಲು ಕಿರಿಯುತ್ತಿದ್ದರು. ಅಪ್ಪನಿಗೆ ಒಂದು ವಾರ ಮೈಯೆಲ್ಲ ಉರಿ. ಆದರೆ ನಕ್ಕವರು ಸುಮ್ಮನೆ ಹೋಗುತ್ತಿರಲಿಲ್ಲ, ಕಾಲು ಕೇಜಿ ಮೈಸೂರು ಪಾಕನ್ನಾದರೂ ಕಟ್ಟಿಸಿಕೊಂಡು ಹೋಗುತ್ತಿದ್ದರು. ಅದನ್ನು ಕಂಡ ಮೇಲೆ ಅಪ್ಪ ತಣ್ಣಗಾದರು.

ನಮ್ಮ ಮನೆಯಲ್ಲಿ ಇದ್ಯಾವುದಕ್ಕೂ ತಲೆ ಕೆಡಿಸಿಕೊಳ್ಳದವರು ಅಜ್ಜಿ ಒಬ್ಬರೇ. ಅವರ ಬಾಯಲ್ಲಿ ಹಲ್ಲೇ ಇರಲಿಲ್ಲ. ಬೋರ್ಡು ಬಂದ ಮೇಲೆ ಡಾಕ್ಟರು ಮೊದಲ ಸಲ ಅವರನ್ನು ಮಾತಾಡಿಸಲು ಬಂದಾಗ ಜಿಲೇಬಿಯನ್ನು ಹಾಲಿನಲ್ಲಿ ನೆನೆಸಿ ತಿನ್ನುತ್ತ ಕೂತಿದ್ದರು. "ನಂಗೇನ್ ಭಯ ಇಲ್ಲ ಕಣವ್ವ. ನಿನ್ ಕೈಗೆ ಸಿಗೋ ಅಂಥದ್ದು ನನ್ನತ್ರ ಒಂದೂ ಉಳಿದಿಲ್ಲ" ಎಂದು ಬೊಚ್ಚು ಬಾಯಿ ಅಗಲಿಸಿ ತೋರಿಸಿದರು. ಡಾಕ್ಟರು ನಕ್ಕಿದ್ದನ್ನು ನಾನು ಮೊದಲು ನೋಡಿದ್ದು ಆವತ್ತೇ.

ಜಗಳ ಬಂದದ್ದು ಶಾಲೆಯ ದೆಸೆಯಿಂದ. ಡಾಕ್ಟರು ಸುಮ್ಮನೆ ಕೂರುವ ಜಾತಿಯವರಲ್ಲ. ರೋಗಿಗಳು ಇಲ್ಲದ ಹೊತ್ತಿನಲ್ಲಿ ಶಾಲೆಗಳಿಗೆ ಹೋಗಿ ಮಕ್ಕಳಿಗೆ ಹಲ್ಲಿನ ಪಾಠ ಹೇಳುತ್ತಿದ್ದರು. ನಮ್ಮ ಶಾಲೆಗೂ ಬಂದರು. ಹಸುವಿನ ಬಾಯಷ್ಟು ದೊಡ್ಡದೊಂದು ಪ್ಲಾಸ್ಟರಿನ ದವಡೆ ತಂದು ಮೇಜಿನ ಮೇಲಿಟ್ಟು, ಪೊರಕೆಯಂಥ ಬ್ರಷ್ಷಿನಲ್ಲಿ ಅದನ್ನು ಉಜ್ಜಿ ತೋರಿಸಿದರು. ಆಮೇಲೆ, "ಹಲ್ಲಿಗೆ ಅಂಟಿಕೊಳ್ಳೋ ಸಿಹಿ ಇದೆಯಲ್ಲ, ಅದೇ ದೊಡ್ಡ ಶತ್ರು. ಜಿಲೇಬಿ, ಪೆಪ್ಪರಮೆಂಟು, ಬೆಲ್ಲದ ಪಾಕದ ಮಿಠಾಯಿ..." ಎಂದು ಬೆರಳು ಮಡಚುತ್ತ ಹೋದರು. ಅವರು ಹೇಳಿದ್ದಷ್ಟೂ ನಮ್ಮ ಗಾಜಿನ ಬೀರುವಿನಲ್ಲಿ ಎಡದಿಂದ ಬಲಕ್ಕೆ ಇಟ್ಟ ಕ್ರಮದಲ್ಲೇ ಇತ್ತು. ಇಡೀ ಕ್ಲಾಸು ತಿರುಗಿ ನನ್ನ ಕಡೆ ನೋಡಿತು. ನಾನು ಡೆಸ್ಕಿನ ಕೆಳಗೆ ಬಿದ್ದ ಪೆನ್ಸಿಲ್ ಹುಡುಕುವವಳ ಹಾಗೆ ಬಗ್ಗಿದವಳು ಬೆಲ್ಲು ಹೊಡೆಯುವ ತನಕ ಏಳಲಿಲ್ಲ.

ಆವತ್ತು ಸಂಜೆ ಶಾಲೆ ಬಿಟ್ಟ ಮೇಲೆ ಪೆಪ್ಪರಮೆಂಟಿಗೆ ಒಂದು ಮಗುವೂ ಬರಲಿಲ್ಲ. ಮಾರನೆಯ ದಿನವೂ ಇಲ್ಲ. ನಾನು ಅಳುತ್ತ ನಡೆದದ್ದನ್ನೆಲ್ಲ ಹೇಳಿದೆ. ಅಪ್ಪ ಹೆಗಲ ಮೇಲಿನ ಟವೆಲನ್ನು ಕೊಡವಿ ಮೆಟ್ಟಿಲು ಹತ್ತಿದರು. ನಾನು ಹಿಂದೆ.

"ಡಾಕ್ಟ್ರಮ್ಮ, ನಮ್ಮ ಸೂರಿನ ಕೆಳಗೆ ಇದ್ಕೊಂಡು ನಮ್ಮ ಹೊಟ್ಟೆ ಮೇಲೆ ಹೊಡೀತೀರಲ್ಲ, ಇದು ನ್ಯಾಯಾನಾ?"

ಡಾಕ್ಟರು ಏನೋ ಉಪಕರಣಗಳನ್ನು ನೀರಿನಲ್ಲಿ ಕುದಿಸುತ್ತಿದ್ದರು. ಒಲೆ ಆರಿಸಿ ಎದ್ದು ನಿಂತರು. "ಯಜಮಾನ್ರೇ, ತಿನ್ನಬೇಡಿ ಅಂತ ನಾನು ಹೇಳಿಲ್ಲ. ಊಟದ ಜೊತೆ ತಿನ್ನಿ, ತಿಂದ ತಕ್ಷಣ ಬಾಯಿ ಮುಕ್ಕಳಿಸಿ ಅಂದೆ. ಮಕ್ಕಳು ಮೊದಲನೇ ಮಾತು ಕೇಳಿ ಎರಡನೇದು ಬಿಟ್ಟವೆ."

"ಹಂಗಾದ್ರೆ ಹಲ್ಲಿಗೆ ಏನೂ ಮಾಡದೇ ಇರೋ ಸಿಹಿ ಅಂತ ಒಂದಿದ್ರೆ ನೀವೇ ಹೇಳಿ, ಮಾಡಿಬಿಡ್ತೀನಿ."

"ಮಾಡಿ. ಮಾಡಿದ್ರೆ ಮೊದಲು ನಾನೇ ತಿಂತೀನಿ. ಮುಂದಿನ ಸಲ ಶಾಲೆಯಲ್ಲಿ ನಿಮ್ಮ ಅಂಗಡಿ ಹೆಸರೇ ಹೇಳ್ತೀನಿ."

ಜಗಳವಾಡಲು ಹತ್ತಿದ ಅಪ್ಪ ಪಂದ್ಯ ಕಟ್ಟಿಕೊಂಡು ಇಳಿದರು. ಮಾರನೆಯ ದಿನವೇ ಬಾಗಿಲ ಪಕ್ಕ ಒಂದು ನೀರಿನ ಹಂಡೆ, ಎರಡು ಲೋಟ ಇಟ್ಟು, 'ಸಿಹಿ ತಿಂದವರು ಬಾಯಿ ಮುಕ್ಕಳಿಸಿ' ಎಂದು ರಟ್ಟಿನ ಮೇಲೆ ಬರೆಸಿದರು. ಜನ ಆ ನೀರನ್ನು ಕುಡಿದು ಹೋಗುತ್ತಿದ್ದರು. ಚರಂಡಿಗೆ ಉಗುಳಿದವರು ಕಮ್ಮಿ.

ಆಮೇಲೆ ಪ್ರಯೋಗ ಶುರುವಾಯಿತು. ಮೊದಲು ಬೆಲ್ಲ. ಸಕ್ಕರೆ ತಾನೇ ಕೆಟ್ಟದ್ದು ಎಂದುಕೊಂಡು ಅಪ್ಪ ಬೆಲ್ಲದಲ್ಲಿ ಲಾಡು ಮಾಡಿ ಮೇಲಕ್ಕೆ ಕಳಿಸಿದರು. "ಹಲ್ಲಿಗೆ ಬೆಲ್ಲಾನೂ ಸಕ್ಕರೇನೂ ಅಣ್ಣತಮ್ಮಂದಿರು" ಎಂದು ಡಾಕ್ಟರು ತಟ್ಟೆ ವಾಪಸು ಕಳಿಸಿದರು. ಆಮೇಲೆ ಖರ್ಜೂರ ಅರೆದು ಕಟ್ಟಿದರು. ಅದು ಜಿಲೇಬಿಗಿಂತ ಗಟ್ಟಿಯಾಗಿ ಹಲ್ಲಿಗೆ ಮೆತ್ತಿಕೊಂಡಿತು. ಸಕ್ಕರೆ ಕಾಯಿಲೆಯವರು ಕಾಫಿಗೆ ಹಾಕಿಕೊಳ್ಳುತ್ತಿದ್ದ ಸ್ಯಾಕರಿನ್ ಮಾತ್ರೆಯನ್ನು ಮೆಡಿಕಲ್ ಶಾಪಿನಿಂದ ತಂದು ಪುಡಿ ಮಾಡಿ ಬರ್ಫಿಗೆ ಹಾಕಿದ್ದು ಮೂರನೆಯದು. ಅಪ್ಪನ ಕೈ ಯಾವತ್ತೂ ಧಾರಾಳ. ಆ ಬರ್ಫಿ ಬೇವಿನ ಕಷಾಯದ ಹಾಗೆ ಕಹಿಯಾಗಿ, ಆ ಕಹಿ ನಾಲಗೆಯ ಮೇಲೆ ಮಧ್ಯಾಹ್ನದವರೆಗೆ ಕೂತಿತ್ತು. ಕೊನೆಗೆ ಏನೂ ಸಿಹಿ ಹಾಕದೆ ಕಡ್ಲೆಹಿಟ್ಟು ಹುರಿದು ತುಪ್ಪದಲ್ಲಿ ಉಂಡೆ ಕಟ್ಟಿದರು. ಅಜ್ಜಿ ಒಂದು ಚೂರು ಬಾಯಿಗೆ ಹಾಕಿಕೊಂಡು, "ಲೋ, ಇದನ್ನ ಎಮ್ಮೆಗೆ ಹಾಕು. ಹಾಲಾದ್ರೂ ಕೊಟ್ಟೀತು" ಅಂದರು.

ಅಪ್ಪ ನಗಲಿಲ್ಲ. ಸಾಮಾನ್ಯವಾಗಿ ಅಜ್ಜಿಯ ಮಾತಿಗೆ ಮೊದಲು ನಗುವವರು ಅವರೇ. ಕೆಲವು ದಿನಗಳಿಂದ ಅವರು ನಗುವುದನ್ನೇ ಬಿಟ್ಟಿದ್ದರು, ಊಟದಲ್ಲಿ ಒಂದೇ ಕಡೆ ಅಗಿಯುತ್ತಿದ್ದರು, ಹತ್ತಿರ ಹೋದರೆ ಲವಂಗದ ವಾಸನೆ. ಕೇಳಿದರೆ "ಪಲಾವಿನ ಆರ್ಡರ್ ಇತ್ತು" ಎಂದು ಸುಳ್ಳು ಹೇಳುತ್ತಿದ್ದರು. ನಮ್ಮದು ಮಿಠಾಯಿ ಅಂಗಡಿ, ಪಲಾವು ಎಲ್ಲಿಂದ ಬರಬೇಕು? ಒಂದು ಬೆಳಿಗ್ಗೆ ಅವರು ಹಾಸಿಗೆಯಿಂದ ಎದ್ದಾಗ ಎಡಗೆನ್ನೆ ಬೋಂಡದ ಹಾಗೆ ಊದಿತ್ತು. ಗುಟ್ಟು ಬಯಲಾಯಿತು.

"ಎಷ್ಟು ದಿನದಿಂದ?" ಅಮ್ಮ ಕೇಳಿದರು.

"ಗೌರಿಹಬ್ಬದಿಂದ."

"ಹತ್ತು ಮೆಟ್ಟಿಲು ಹತ್ತಿದ್ರೆ ಡಾಕ್ಟ್ರಿದಾರೆ. ಬಾಯಿ ಮುಚ್ಕೊಂಡು ನೋವು ತಿಂತಾ ಇದ್ರಾ?"

"ಲೇ, ಸ್ವಲ್ಪ ಯೋಚ್ನೆ ಮಾಡು. ಮಿಠಾಯಿ ಮಾಡೋನ ಹಲ್ಲೇ ಹುಳುಕು ಅಂತ ಆ ಬಟ್ಟೆ ಅಂಗಡಿಯವನಿಗೆ ಗೊತ್ತಾದ್ರೆ ನಾನು ಈ ಬೀದೀಲಿ ತಲೆ ಎತ್ತಿ ಓಡಾಡೋದು ಹೆಂಗೆ? ಆಯಮ್ಮನ ಹತ್ರ ಪಂದ್ಯ ಬೇರೆ ಕಟ್ಟಿದೀನಿ."

ಅಪ್ಪನ ಹತ್ತಿರ ಆಗಲೇ ಒಂದು ಉಪಾಯವಿತ್ತು. ಕಡೂರಿನಿಂದ ನಮಗೆ ಕೊಬ್ಬರಿ ತಂದುಕೊಡುವ ವ್ಯಾಪಾರಿಯೊಬ್ಬರು, "ನಮ್ಮೂರಿಗೆ ಬುಧವಾರ ಬುಧವಾರ ಒಬ್ರು ಹಲ್ಲಿನ ಡಾಕ್ಟ್ರು ಬತ್ತಾರೆ. ಕೈ ಎಷ್ಟು ಹಗುರ ಅಂದ್ರೆ, ಕಿತ್ತಿದ್ದೇ ಗೊತ್ತಾಗಲ್ಲ" ಎಂದು ಯಾವಾಗಲೋ ಹೇಳಿದ್ದರಂತೆ. ಆವತ್ತು ಮಂಗಳವಾರ. ಅಂಗಡಿಗೆ ಬಂದವರಿಗೆಲ್ಲ ಅಮ್ಮ "ಮಂಗನಬಾವು" ಎಂದು ಹೇಳಿ ದಿನ ದೂಡಿದರು. ಬುಧವಾರ ಅಪ್ಪ ಕಡೂರಿಗೆ ಕೊಬ್ಬರಿ ನೋಡಲು ಹೋಗುವುದೆಂದಾಯಿತು. ತಲೆ ತಿರುಗಿದರೆ ಜೊತೆಗೆ ಇರಲಿ ಎಂದು ನನ್ನನ್ನೂ ಕಳಿಸಿದರು. ಶಾಲೆಗೆ ಚಕ್ಕರ್, ಕಿಟಕಿ ಪಕ್ಕದ ಸೀಟು. ಅಪ್ಪನ ನೋವಿನ ಲಾಭವೆಲ್ಲ ನನಗೆ.

ತಲೆಗೂ ಕೆನ್ನೆಗೂ ಸೇರಿಸಿ ಮಫ್ಲರ್ ಸುತ್ತಿಕೊಂಡು, ಬಿಸಿಲಲ್ಲಿ ಬೆವರುತ್ತ, ಅಪ್ಪ ಬಸ್ಸು ಹತ್ತಿದರು. ರಸ್ತೆಯ ಪ್ರತಿ ಗುಂಡಿಗೂ ಅವರ ಬಾಯಿಂದ "ಶಿವಾ" ಎಂಬ ಮಾತು ಬರುತ್ತಿತ್ತು. ಬೀರೂರು ದಾಟುವ ಹೊತ್ತಿಗೆ ಎಷ್ಟು ಶಿವ ಆದವೋ. ಯಗಟಿಗೆ ಹೋಗುವ ಹೆಂಗಸೊಬ್ಬರು ಕಡೂರಿನಲ್ಲಿ ಬಸ್ಸು ಬದಲಿಸಲು ನಮ್ಮ ಜೊತೆ ಇಳಿದವರು, "ಭಾರಿ ಭಕ್ತರು ನಿಮ್ಮಪ್ಪ" ಎಂದು ನನ್ನ ತಲೆ ಸವರಿ ಹೋದರು.

ಡಾಕ್ಟರು ಕೂರುವ ಜಾಗ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಒಂದು ಕನ್ನಡಕದ ಅಂಗಡಿಯ ಒಳಕೋಣೆ. ಮುಂದೆ ಬೆಂಚು, ಬಾಗಿಲಿಗೆ ಹಸಿರು ಪರದೆ. ನಮ್ಮ ಮುಂದೆ ಮೂವರು ಇದ್ದರು. ಒಬ್ಬೊಬ್ಬರೇ ಒಳಗೆ ಹೋಗಿ ಹತ್ತಿ ಕಚ್ಚಿಕೊಂಡು ಹೊರಗೆ ಬಂದರು. ಯಾರೂ ಕಿರುಚಲಿಲ್ಲ. ಅಪ್ಪನಿಗೆ ಧೈರ್ಯ ಬಂತು. "ನೋಡ್ದಾ ಮಗಾ, ಹಗುರವಾದ ಕೈ ಅಂದ್ರೆ ಇದು. ಊರಲ್ಲಿ ಒಂದು ನರಪಿಳ್ಳೆಗೂ ಗೊತ್ತಾಗಲ್ಲ" ಎಂದು ಪಿಸುಗುಟ್ಟಿದರು.

ನಮ್ಮ ಸರದಿ ಬಂತು. ಪರದೆ ಸರಿಯಿತು. ಪರದೆ ಹಿಡಿದು ನಿಂತಿದ್ದವರು ನಮ್ಮ ಮಹಡಿಯ ಡಾಕ್ಟರು.

ಬುಧವಾರ ಅವರು ಮೊದಲನೇ ಬಸ್ಸಿಗೆ ಹೊರಟುಬಿಡುತ್ತಿದ್ದದ್ದು ನಮಗೆ ಗೊತ್ತಿತ್ತು. ಯಾವುದೋ ಹಳ್ಳಿಯ ಶಾಲೆಗಿರಬೇಕು ಎಂದುಕೊಂಡಿದ್ದೆವು. ಯಾವ ಡಾಕ್ಟರೆಂದು ಕೇಳದೆ ಕೋಣೆ ಕೊಟ್ಟ ಅಪ್ಪ, ಕಡೂರಿನ ಡಾಕ್ಟರು ಗಂಡಸೋ ಹೆಂಗಸೋ ಎಂದೂ ಕೇಳಿರಲಿಲ್ಲ.

ಅಪ್ಪ ಬೆಂಚಿನಿಂದ ಅರ್ಧ ಎದ್ದವರು ಹಾಗೇ ನಿಂತರು. ಮಫ್ಲರಿನ ಸಂದಿಯಲ್ಲಿ ಎರಡು ಕಣ್ಣು ಮಾತ್ರ ಕಾಣುತ್ತಿತ್ತು. ಆ ಕಣ್ಣುಗಳು ಓಣಿಯ ಕಡೆ ಹೊರಳಿದ್ದು ನನಗೆ ಚೆನ್ನಾಗಿ ನೆನಪಿದೆ. ಓಡಿಹೋಗುತ್ತಾರೇನೋ ಎಂದುಕೊಂಡೆ. ಡಾಕ್ಟರು ಒಂದು ಕ್ಷಣ ನನ್ನನ್ನು, ಒಂದು ಕ್ಷಣ ಅಪ್ಪನನ್ನು ನೋಡಿದರು. ಆಮೇಲೆ ಯಾವತ್ತೂ ಕಂಡಿಲ್ಲದವರನ್ನು ಕರೆಯುವ ಹಾಗೆ, "ಬನ್ನಿ, ಒಳಗೆ ಬನ್ನಿ. ತುಂಬಾ ದೂರದಿಂದ ಬಂದ ಹಾಗಿದೆ" ಅಂದರು.

ಒಳಗೆ ಅಪ್ಪ ಕುರ್ಚಿಯಲ್ಲಿ ಕೂತು ಮಫ್ಲರ್ ಬಿಚ್ಚಿದರು. ಡಾಕ್ಟರು ಬಾಯಿಗೆ ಬೆಳಕು ಬಿಟ್ಟು ನೋಡಿ, "ಎರಡು ಕೀಳಲೇಬೇಕು. ಮೂರನೇದನ್ನ ಉಳಿಸ್ಬಹುದು" ಅಂದರು.

ಸೂಜಿ ಚುಚ್ಚಿ ವಸಡು ಮರಗಟ್ಟುವವರೆಗೆ ಕಾಯುವಾಗ ಅಪ್ಪ ತೊದಲುತ್ತ ಕೇಳಿದರು, "ಡಾಕ್ಟ್ರಮ್ಮ, ನಿಮಗೆ ನಗು ಬರ್ತಾ ಇಲ್ವಾ?"

"ಬರ್ತಾ ಇದೆ" ಎಂದರು ಡಾಕ್ಟರು. "ಆದ್ರೆ ಕೈ ಅಲ್ಲಾಡಿದ್ರೆ ನಿಮಗೇ ಕಷ್ಟ. ಊರಿಗೆ ಹೋದ ಮೇಲೆ ನಗ್ತೀನಿ." ಆಮೇಲೆ ದನಿ ತಗ್ಗಿಸಿ ಹೇಳಿದರು: "ನಾಚಿಕೆ ಪಡ್ಬೇಡಿ ಯಜಮಾನ್ರೇ. ಇಪ್ಪತ್ತು ವರ್ಷ ದಿನಾ ಹತ್ತು ಸಲ ಪಾಕದ ಹದ ಬಾಯಲ್ಲೇ ನೋಡಿದೀರಿ. ಹಲ್ಲು ಇಷ್ಟು ದಿನ ಇದ್ದಿದ್ದೇ ದೊಡ್ಡದು. ನಮ್ಮಪ್ಪನೂ ನೋವು ಮುಚ್ಚಿಟ್ಕೊಂಡೇ ಹಲ್ಲು ಕಳ್ಕೊಂಡ್ರು. ಅದನ್ನ ನೋಡೇ ನಾನು ಇದನ್ನ ಓದಿದ್ದು."

ಅಪ್ಪನ ಬಾಯಿ ಆಗಲೇ ಸ್ವಾಧೀನದಲ್ಲಿರಲಿಲ್ಲ. ಆದರೆ ಅವರ ಕಣ್ಣಲ್ಲಿ ನೀರು ಬಂದದ್ದು ಹಲ್ಲಿನ ನೋವಿಗಲ್ಲ ಎಂದು ಆ ವಯಸ್ಸಿನಲ್ಲೂ ನನಗೆ ಅನಿಸಿತು.

ಹಲ್ಲು ಕಿತ್ತಾಯಿತು. ನಿಜಕ್ಕೂ ಹಗುರ ಕೈ. "ಒಂದು ವಾರ ಮೆತ್ತಗಿರೋದು ತಿನ್ನಿ. ಸಕ್ಕರೆ, ಬೆಲ್ಲ ಹತ್ರ ತರಬೇಡಿ" ಎಂದು ಹೇಳಿ ಕಳಿಸಿದರು. ಸಂಜೆ ವಾಪಸು ಬರುವ ಬಸ್ಸಿನಲ್ಲಿ ಅವರೂ ಇದ್ದರು. ಮುಂದಿನ ಸೀಟಿನಲ್ಲಿ ಕೂತು ತರೀಕೆರೆಯವರೆಗೆ ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ. ಅವರ ಹೆಗಲು ಮಾತ್ರ ಆಗಾಗ ಕುಲುಕುತ್ತಿತ್ತು.

ಮನೆಯಲ್ಲಿ ಈಗ ಅಮ್ಮನಿಗೆ ಕಷ್ಟ. ಅಪ್ಪನಿಗೆ ಗಂಜಿ ಸೇರದು, ಅನ್ನ ಅಗಿಯಲಾಗದು, ಊಟವಾದ ಮೇಲೆ ಏನಾದರೂ ಸಿಹಿ ಬೇಕೇಬೇಕು. ಅಮ್ಮನ ತವರು ಅಜ್ಜಂಪುರ. ಅಲ್ಲಿ ನನ್ನ ತಾತನಿಗೆ ಸಕ್ಕರೆ ಕಾಯಿಲೆ ಇತ್ತು. ಅವರ ಬಾಯಿಚಪಲಕ್ಕೆಂದು ಅಲ್ಲಿಯ ಅಜ್ಜಿ ಅಪರೂಪಕ್ಕೊಮ್ಮೆ ಒಂದು ಉಂಡೆ ಮಾಡುತ್ತಿದ್ದರಂತೆ. ಅಮ್ಮ ಅದನ್ನು ನೆನಪು ಮಾಡಿಕೊಂಡು, ಎರಡು ಸೇರು ಎಮ್ಮೆ ಹಾಲನ್ನು ಸಣ್ಣ ಉರಿಯಲ್ಲಿ ಕೆದಕುತ್ತ, ಅದು ಕೆಂಪಗಿನ ಖೋವಾ ಆಗುವವರೆಗೆ ಕೂತರು. ಹುರಿದು ನುಣ್ಣಗೆ ಅರೆದ ಕೊಬ್ಬರಿ, ಒಂದಿಷ್ಟು ಏಲಕ್ಕಿ, ಒಂದು ಹರಳು ಉಪ್ಪು. ಅಷ್ಟೇ.

ಅಪ್ಪ ಒಂದು ಉಂಡೆಯನ್ನು ಬಲಗಡೆ ದವಡೆಗೆ ಒತ್ತರಿಸಿಕೊಂಡು ಕಣ್ಣು ಮುಚ್ಚಿದರು. ತಟ್ಟನೆ ಕಣ್ಣು ಬಿಟ್ಟರು.

"ಸಕ್ಕರೆ ಹಾಕ್ಬೇಡ ಅಂದಿದ್ರಲ್ಲೇ?"

"ಹಾಕಿಲ್ಲ."

"ಮತ್ತೆ ಸಿಹಿ ಐತಲ್ಲ?"

"ಹಾಲಿಂದು, ಕೊಬ್ಬರೀದು. ನೀವು ಯಾವಾಗ್ಲೂ ಮೇಲೆ ಸಕ್ಕರೆ ಸುರಿದುಬಿಡ್ತೀರಿ, ಅದಕ್ಕೇ ಇದು ಗೊತ್ತಾಗಲ್ಲ."

ಅಪ್ಪ ಇನ್ನೊಂದು ಉಂಡೆ ತಗೊಂಡರು. ಆಮೇಲೆ ತಮಗೆ ಹೊಳೆಯದ್ದು ಅಮ್ಮನಿಗೆ ಹೊಳೆದದ್ದಕ್ಕೆ ಮುಖ ಸ್ವಲ್ಪ ಗಂಟು ಹಾಕಿಕೊಂಡು, ಮತ್ತೊಂದು ತಗೊಂಡು, "ಮೇಲಕ್ಕೆ ಕಳ್ಸು" ಅಂದರು. ಅಮ್ಮ ತಾವೇ ತಟ್ಟೆ ಹಿಡಿದು ಮೆಟ್ಟಿಲು ಹತ್ತಿದರು. ಡಾಕ್ಟರು ತಿಂದು, ನಾಲಗೆಯಿಂದ ಹಲ್ಲುಗಳನ್ನೆಲ್ಲ ಒಮ್ಮೆ ತಡವಿ ನೋಡಿ, "ಅಂಟಲ್ಲ. ಹಾಲು ಹಲ್ಲಿಗೆ ಒಳ್ಳೇದೇ. ಅಕ್ಕ, ಗೆದ್ದೋರು ನೀವು" ಅಂದರು. ತಟ್ಟೆ ಖಾಲಿಯಾಗಿ ವಾಪಸು ಬಂತು.

ಮಾತಿನಂತೆ ಅವರು ನಮ್ಮ ಶಾಲೆಯಲ್ಲಿ ಅಂಗಡಿಯ ಹೆಸರು ಹೇಳಿದರು. ಈ ಸಲ ಎಲ್ಲರೂ ತಿರುಗಿ ನೋಡಿದಾಗ ನಾನು ಬೆನ್ನು ನೆಟ್ಟಗೆ ಮಾಡಿ ಕೂತಿದ್ದೆ. ಮಕ್ಕಳೆಲ್ಲ ಒಂದೇ ದಿನದಲ್ಲಿ ಪೆಪ್ಪರಮೆಂಟು ಬಿಟ್ಟು ಉಂಡೆಗೆ ಬಿದ್ದರು ಎಂದರೆ ಸುಳ್ಳಾಗುತ್ತದೆ. ಮಕ್ಕಳು ಪೆಪ್ಪರಮೆಂಟನ್ನೇ ತಿಂದರು. ಉಂಡೆ ಕೊಂಡವರು ಅವರ ಅಮ್ಮಂದಿರು, ಮೇಷ್ಟ್ರುಗಳು, ಸಕ್ಕರೆ ಬಿಟ್ಟ ರಿಟೈರಾದ ಅಮಲ್ದಾರರು, ಲಕ್ಕವಳ್ಳಿಯಿಂದ ಜೀಪಿನಲ್ಲಿ ಬರುತ್ತಿದ್ದ ಇಂಜಿನಿಯರ ಮನೆಯವರು. ಒಂದೇ ದಿನ ಬಾಳುವ ತಿಂಡಿಯಾದ್ದರಿಂದ ಅಮ್ಮ ದಿನಾ ಸ್ವಲ್ಪವೇ ಮಾಡುತ್ತಿದ್ದರು, ಬೆಳಿಗ್ಗೆ ಮಾಡಿದ್ದು ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು. ಅದಕ್ಕೆಂದೇ ಗಾಜಿನ ಬೀರುವಿನಲ್ಲಿ ಒಂದು ಅರೆ ಖಾಲಿ ಮಾಡಿಸಿಕೊಂಡು, ಅದುವರೆಗೆ ಒಲೆಮನೆಯಿಂದ ಈಚೆ ಬರುವುದೇ ಅಪರೂಪವಾಗಿದ್ದ ಅಮ್ಮ ಅಂಗಡಿಯ ಮುಂಭಾಗದಲ್ಲಿ ಒಂದು ಸ್ಟೂಲು ಹಾಕಿಕೊಂಡು ಕೂತರು. "ಅಪ್ಪ ಎಲ್ಲಿ?" ಎಂದು ಕೇಳುತ್ತ ಬಂದವರು ಬರಬರುತ್ತ "ಅಮ್ಮ ಎಲ್ಲಿ?" ಎಂದು ಕೇಳತೊಡಗಿದರು.

ಡಾಕ್ಟರು ನಾಲ್ಕು ವರ್ಷ ನಮ್ಮಲ್ಲಿದ್ದರು. ಅಪ್ಪನ ಮೂರನೇ ಹಲ್ಲನ್ನು ಉಳಿಸಿದರು, ಅದೂ ನಮ್ಮ ಮಹಡಿಯ ಮೇಲೇ, ಹಗಲು ಹೊತ್ತಿನಲ್ಲಿ, ಬಟ್ಟೆ ಅಂಗಡಿಯವರು ನೋಡುತ್ತಿದ್ದ ಹಾಗೆ. ಅವರಿಗೂ ಆಮೇಲೆ ಅದೇ ಕುರ್ಚಿಯೇ ಗತಿಯಾಯಿತು. ಮದುವೆ ನಿಶ್ಚಯವಾಗಿ ಡಾಕ್ಟರು ಊರು ಬಿಡುವ ದಿನ ಅಮ್ಮ ಅತ್ತಷ್ಟು ನಾನು ಗಂಡನ ಮನೆಗೆ ಹೊರಟಾಗಲೂ ಅಳಲಿಲ್ಲ. ಈ ಮಾತನ್ನು ನಾನು ಇವತ್ತಿಗೂ ಹೇಳಿ ಅಮ್ಮನನ್ನು ರೇಗಿಸುತ್ತೇನೆ.

ಡಾಕ್ಟರು ಹೋದ ಮೇಲಿನ ಬೇಸಿಗೆಯಲ್ಲಿ ಅಜ್ಜಂಪುರದ ಈರುಳ್ಳಿ ವ್ಯಾಪಾರಿಯೊಬ್ಬರ ಮನೆ ಮದುವೆಗೆ ಅಮ್ಮನ ಉಂಡೆಗೆ ಆರ್ಡರ್ ಬಂತು. ಮಿಠಾಯಿಯ ಆರ್ಡರ್ ಅಪ್ಪನಿಗೆ ಬರದೆ ಅಮ್ಮನಿಗೆ ಬಂದದ್ದು ಅದೇ ಮೊದಲು. ತವರಿನ ಊರು ಬೇರೆ. ಬೆಳಗಿನ ಜಾವವೇ ಮಾಡಿ ಮುಗಿಸಿ, ಡಬ್ಬಗಳನ್ನು ಬಾಡಿಗೆ ವ್ಯಾನಿಗೆ ಏರಿಸಿ, ಅಮ್ಮ ಮುಂದಿನ ಸೀಟಿನಲ್ಲಿ ಕೂತರು. ಅಪ್ಪ ಮತ್ತು ನಾನು ಹಿಂದೆ, ಡಬ್ಬಗಳು ಉರುಳದಂತೆ ಹಿಡಿದುಕೊಂಡು.

ಊಟದ ಪಂಕ್ತಿಯಲ್ಲಿ ಹೆಣ್ಣಿನ ಅಜ್ಜಿ ಉಂಡೆ ಬಾಯಿಗಿಟ್ಟು ಒಂದು ಗಳಿಗೆ ಯೋಚಿಸಿ, ಬಡಿಸುತ್ತಿದ್ದ ಅಮ್ಮನನ್ನು ಹತ್ತಿರ ಕರೆದರು.

"ಏನವ್ವಾ, ಸಕ್ಕರೆ ಹಾಕೋದು ಮರ್ತ್ಬಿಟ್ಟಿದೀಯ?"

"ಮರ್ತಿಲ್ಲ ಅಜ್ಜಿ, ಬೇಕು ಅಂತಲೇ ಬಿಟ್ಟಿದೀನಿ" ಎಂದರು ಅಮ್ಮ.

ಅಜ್ಜಿ ಇನ್ನೊಂದು ಗಳಿಗೆ ಯೋಚಿಸಿದರು. ಆಮೇಲೆ ಎಲೆಯ ಮೇಲಿದ್ದದ್ದನ್ನು ಮುಗಿಸಿ, ಅಮ್ಮನ ತಟ್ಟೆಯಿಂದ ತಾವೇ ಮೂರು ಎತ್ತಿಕೊಂಡು ಸೆರಗಿನ ತುದಿಗೆ ಗಂಟು ಹಾಕಿಕೊಂಡರು.